ಎದ್ದು ನಿಂತವರ ಲೆಕ್ಕ

ಕಿಟಕಿಯ ಕೆಳಗೆ ಒಂದು ಸ್ಟೂಲು. ಚನ್ನಪಟ್ಟಣದ ಕೆಲಸ. ಗುಂಡನೆಯ ಹಲಗೆಗೆ ಮೂರು ಕಾಲು. ಪ್ರತಿ ಕಾಲಿನ ನಡುವೆ ಕಡೆದ ಒಂದು ಉಬ್ಬು, ಉಬ್ಬಿನ ಮೇಲೊಂದು ಕೆಳಗೊಂದು ಹಳದಿ ಗೆರೆ, ಉಳಿದುದೆಲ್ಲ ಅರಗಿನ ಕೆಂಪು. ಕಾಲುಗಳ ಕೆಂಪು ಇನ್ನೂ ಹೊಳೆಯುತ್ತದೆ. ಹಲಗೆಯ ನಡುವೆ ಮಾತ್ರ ಬಣ್ಣ ಸವೆದು, ಒಳಗಿನ ಹಾಲೆಮರದ ಬಿಳುಪು ತೆಳುಮೋಡದ ಹಿಂದಿನ ಚಂದ್ರನಂತೆ ಅಷ್ಟಿಷ್ಟು ಕಾಣುತ್ತದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಿಟಕಿಯ ಸರಳುಗಳ ನೆರಳು ಗೋಡೆಯಿಂದ ಜಾರಿ ಆ ಹಲಗೆಯ ಮೇಲೆ ಬೀಳುತ್ತದೆ. ಒಂದಷ್ಟು ಹೊತ್ತು ಅಲ್ಲೇ ಕೂತಂತಿದ್ದು ಆಮೇಲೆ ನೆಲಕ್ಕಿಳಿದು ಹೋಗುತ್ತದೆ. ಕಿಟಕಿಯಾಚೆ ಬಂಡೆಯ ಬೆಟ್ಟ. ಅದರ ಬೆನ್ನ ಮೇಲೆ ಎಷ್ಟೋ ಮಳೆಗಳು ಹರಿದುಹೋದ ಕಪ್ಪು ಗೆರೆಗಳು. ಕೋಣೆಯಲ್ಲಿ ಬೆತ್ತದ ಕುರ್ಚಿಗಳಿವೆ, ಬಂದವರು ಅವುಗಳಲ್ಲಿ ಕೂರುತ್ತಾರೆ. ಸ್ಟೂಲಿನ ಮೇಲೆ ಯಾರೂ ದಿನಪತ್ರಿಕೆಯನ್ನು ಕೂಡ ಇಡುವುದಿಲ್ಲ. ಮನೆಯಾಕೆ ಸರಸಮ್ಮನವರು ಬೆಳಿಗ್ಗೆ ಅದನ್ನು ಎತ್ತಿ ಒರೆಸಿ, ನೆಲದಲ್ಲಿ ಮೂಡಿರುವ ಮೂರು ಗುರುತುಗಳ ಮೇಲೆಯೇ ಮತ್ತೆ ಇಡುತ್ತಾರೆ.

ಅದು ಇದ್ರೀಸ್ ಸಾಬರ ಸ್ಟೂಲು. ಮೂವತ್ತು ವರ್ಷದಿಂದ ಅವರು ಅದರ ಮೇಲೆ ಕೂತಿರಲಿಲ್ಲ.

ಮನೆ ಚೆಲುವಯ್ಯನವರದು. ರಾಮನಗರದಲ್ಲಿ ಈಗಿನವರು ಅವರನ್ನು ಮಾಜಿ ಶಾಸಕರು ಎನ್ನುತ್ತಾರೆ. ಹಳಬರು ಎಮ್ಮೆಲ್ಲೆ ಚೆಲುವಯ್ಯ ಎಂದೇ ಕರೆಯುತ್ತಾರೆ, ಹುದ್ದೆ ಹೋದರೂ ಹೆಸರಿನ ಮುಂದೆ ಅದು ಅಂಟಿಕೊಂಡಿದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳಲು ಈ ಊರಿಗೆ ಬಂದವನು, ಎದುರು ಮನೆಯಲ್ಲಿ ಬಾಡಿಗೆಗಿದ್ದು ಅಲ್ಲೇ ಮುದುಕನಾದವನು. ಒಂದು ಕಾಲದಲ್ಲಿ ನಾವು ಮೂವರು ಸಂಜೆಯಾಯಿತೆಂದರೆ ಆ ಕೋಣೆಯಲ್ಲಿ ಸೇರುತ್ತಿದ್ದೆವು. ಇದ್ರೀಸ್ ಸಾಬರು ರೇಷ್ಮೆ ನೂಲು ಬಿಚ್ಚುವವರು. ಗೂಡುಗಳನ್ನು ಬಿಸಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವ ನಾಲ್ಕು ಒಲೆಗಳ ಒಂದು ಚಿಕ್ಕ ಶೆಡ್ಡು ಅವರಿಗಿತ್ತು. ಕೆಲಸ ಮುಗಿಸಿ ಬರುವಾಗ ಅವರ ಲುಂಗಿ ಒದ್ದೆಯಾಗಿರುತ್ತಿತ್ತು, ಬೆಂದ ಹುಳುವಿನ ವಾಸನೆ ಮೈಗೆ ಹತ್ತಿರುತ್ತಿತ್ತು. ಬೆತ್ತದ ಕುರ್ಚಿ ಕೊಳೆಯಾಗುತ್ತದೆಂದು ಅವರು ಕೂರುತ್ತಿರಲಿಲ್ಲ. ಅದಕ್ಕಾಗಿ ಚೆಲುವಯ್ಯನವರು ಚನ್ನಪಟ್ಟಣಕ್ಕೆ ಹೋಗಿ ಆ ಸ್ಟೂಲನ್ನು ಮಾಡಿಸಿ ತಂದರು.

ನಾನು ಆಗ ಪತ್ರಿಕೆಗಳಲ್ಲಿ ಬರುತ್ತಿದ್ದ ಹೊಸ ಕವಿತೆಗಳನ್ನು ಅವರಿಗೆ ಓದಿ ಹೇಳುತ್ತಿದ್ದೆ. ಇದ್ರೀಸ್ ಸಾಬರು ಕಣ್ಣು ಮುಚ್ಚಿ ಪೂರ್ತಿ ಕೇಳುತ್ತಿದ್ದರು.

“ಗೂಡೇನೋ ಗಟ್ಟಿ ಐತೆ ಮೇಷ್ಟ್ರೇ,” ಎನ್ನುತ್ತಿದ್ದರು ಕೊನೆಗೆ. “ಎಳೆ ಎಲ್ಲೈತೆ ಅಂತ ಸಿಕ್ತಾ ಇಲ್ಲ. ಇನ್ನೊಸಿ ಬೇಯಿಸ್ಬೇಕು.”

“ನಿಂಗೆ ಸಿಕ್ಕೋ ಹಂಗೆ ಬರೆದ್ರೆ ಅದು ಪದ್ಯ ಅಲ್ಲ ಕಣ್ಲಾ,” ಎಂದು ಚೆಲುವಯ್ಯನವರು ನಗುತ್ತಿದ್ದರು. ಅವರಿಗೂ ಎಳೆ ಸಿಕ್ಕಿರುತ್ತಿರಲಿಲ್ಲ.

ಆ ಮನೆಯ ಮುಂಬಾಗಿಲಿಗೆ ಒಂದು ದೋಷವಿದೆ. ಬೆಟ್ಟದ ಕಡೆಯಿಂದ ಸದಾ ಗಾಳಿ ಬೀಸುವುದರಿಂದ, ಹೋಗುವವರು ಕೈ ಬಿಟ್ಟ ಕೂಡಲೇ ಅದು ದಢಾರೆಂದು ಬಡಿದುಕೊಳ್ಳುತ್ತದೆ. ಬಂದವರೆಲ್ಲ ಹಾಗೆಯೇ ಹೋಗುತ್ತಾರೆ. ಸರಸಮ್ಮನವರು ಒಳಗಿನಿಂದ “ಹೋದ್ರು” ಎನ್ನುತ್ತಾರೆ. ಇದ್ರೀಸ್ ಸಾಬರೊಬ್ಬರೇ ಹೊರಗೆ ನಿಂತು, ಚಿಲಕದ ಸರಪಳಿಯನ್ನು ಬೆರಳಿಗೆ ಸುತ್ತಿ ಹಿಡಿದು, ಬಾಗಿಲನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತಿದ್ದರು. ಎಳೆ ಹರಿಯದಂತೆ ಎಳೆಯುವುದು ಅವರ ಕೈಗೆ ಬಂದಿದ್ದ ವಿದ್ಯೆ.

ಅವರು ಬರುವುದನ್ನು ನಿಲ್ಲಿಸಿದ್ದು ವಿಧಾನಸಭೆಯ ಒಂದು ಮತದ ಕಾರಣಕ್ಕೆ.

ಆ ದಿನಗಳಲ್ಲಿ ಚಿಕ್ಕ ಶೆಡ್ಡಿನವರು ತಮ್ಮ ನೂಲನ್ನು ಊರಿನ ರೇಷ್ಮೆ ಮಾರುಕಟ್ಟೆಯಲ್ಲೇ ತೂಗಿಸಿ ಮಾರುತ್ತಿದ್ದರು. ತೆರಿಗೆ ಅಲ್ಲೇ ಹಿಡಿದುಕೊಳ್ಳುತ್ತಿದ್ದರು. ದೊಡ್ಡ ವ್ಯಾಪಾರಿಗಳು ಬೇರೆ ದಾರಿ ಕಂಡುಕೊಂಡಿದ್ದರು. ಕಂಚಿಯಲ್ಲೋ ಸೇಲಂನಲ್ಲೋ ಒಂದು ಮಳಿಗೆ ಬಾಡಿಗೆಗೆ ಹಿಡಿದು, ಬಾಗಿಲಿಗೆ ತಮ್ಮದೇ ಹೆಸರಿನ ಬೋರ್ಡು ಹಾಕಿ, ನೂಲನ್ನು ಮಾರಿಲ್ಲ, ನಮ್ಮ ಶಾಖೆಗೆ ಕಳಿಸಿದ್ದೇವೆ ಅಷ್ಟೇ, ಎಂದು ತೋರಿಸುತ್ತಿದ್ದರು. ಮಾರಿಲ್ಲದ ಮೇಲೆ ತೆರಿಗೆ ಎಲ್ಲಿಯದು? ಹಾಗೆ ಉಳಿಸಿಕೊಂಡ ಬಲದಿಂದ ಅವರು ಗೂಡಿನ ಮಾರುಕಟ್ಟೆಯಲ್ಲಿ ಚಿಕ್ಕವರಿಗೆ ಎಟುಕದ ಬೆಲೆ ಕೂಗುತ್ತಿದ್ದರು. ಕನಕಪುರದಿಂದ, ಮಾಗಡಿಯಿಂದ ಬರುವ ಒಳ್ಳೆಯ ಗೂಡುಗಳೆಲ್ಲ ಅವರ ಪಾಲಾಗುತ್ತಿದ್ದವು. ಚಿಕ್ಕವರ ಒಲೆಗಳು ಒಂದೊಂದಾಗಿ ಆರುತ್ತಿದ್ದವು. ಅಂಥ ವ್ಯಾಪಾರಿಗಳಲ್ಲಿ ಮೊದಲನೆಯವನು ಮುನಿಯಪ್ಪ. ಚುನಾವಣೆಯಲ್ಲಿ ಚೆಲುವಯ್ಯನವರಿಗೆ ಜೀಪು ಕೊಟ್ಟವನೂ ಅವನೇ. ಅದೇ ಚುನಾವಣೆಯಲ್ಲಿ ಬೈರಮಂಗಲದಿಂದ ಹೊಂಗನೂರಿನ ತನಕ ಸೈಕಲ್ಲಿನಲ್ಲಿ ತಿರುಗಿ ಮತ ಕೇಳಿದವರು ಇದ್ರೀಸ್ ಸಾಬರು.

ಆ ಕಳ್ಳದಾರಿಯನ್ನು ಸರ್ಕಾರ ಮುಚ್ಚಬೇಕು ಎಂದು ಒಬ್ಬ ಸದಸ್ಯರು ವಿಧಾನಸಭೆಯಲ್ಲಿ ನಿರ್ಣಯ ತಂದರು. ಅದು ಸರ್ಕಾರದ ಮಸೂದೆಯಲ್ಲ, ಸದಸ್ಯರೊಬ್ಬರ ಖಾಸಗಿ ನಿರ್ಣಯ. ಆದ್ದರಿಂದ ಯಾವ ಪಕ್ಷವೂ ಹೀಗೇ ಮತ ಹಾಕಿ ಎಂದು ಅಪ್ಪಣೆ ಕೊಡಲಿಲ್ಲ. ನಿರ್ಣಯ ಬಿದ್ದುಹೋಯಿತು. ಅಂದು ಸಂಜೆ ಮುನಿಯಪ್ಪ ಮಾರುಕಟ್ಟೆಯ ಮುಂದೆ ಪಟಾಕಿ ಹೊಡೆಸಿ, “ನಮ್ಮ ಎಮ್ಮೆಲ್ಲೆ ನಮ್ಮ ಕಡೆಗೇ ಇದ್ರು” ಎಂದು ಊರಿಗೆಲ್ಲ ಸಾರಿದ. ಮರುದಿನದಿಂದ ಸ್ಟೂಲು ಖಾಲಿ.

ಚೆಲುವಯ್ಯನವರು ಎರಡು ಸಲ ಶೆಡ್ಡಿನ ಬಳಿ ಹೋದರು. ಎರಡು ಸಲವೂ ಇದ್ರೀಸ್ ಸಾಬರು ಒಲೆಯ ಮುಂದಿನಿಂದ ಏಳದೆ, “ಸಾಹೇಬ್ರು ಯಾಕೆ ಇಷ್ಟು ದೂರ ಬಂದ್ರಿ? ಕೆಲಸ ಐತೆ,” ಎಂದರು. ಲೇ, ಚೆಲುವ ಎನ್ನುತ್ತಿದ್ದ ಬಾಯಲ್ಲಿ ಸಾಹೇಬ್ರು ಎಂಬ ಮಾತು ಬಂದ ಮೇಲೆ ಚೆಲುವಯ್ಯನವರ ಕಾಲು ಆ ಕಡೆ ಏಳಲಿಲ್ಲ. ಅವರು ಇನ್ನೊಂದು ಸಲ ಗೆದ್ದರು, ಮತ್ತೊಂದು ಸಲ ಸೋತರು, ಆಮೇಲೆ ಯಾರೂ ಅವರನ್ನು ನಿಲ್ಲಲು ಕೇಳಲಿಲ್ಲ. ಇದ್ರೀಸ್ ಸಾಬರ ಒಲೆಗಳು ಆರಿದವು. ಮುನಿಯಪ್ಪನ ಕಾರ್ಖಾನೆಯಲ್ಲೇ ಕೂಲಿಗೆ ನಿಂತು, ಕಣ್ಣು ಮಂಜಾಗುವ ತನಕ ಅವನ ನೂಲು ಬಿಚ್ಚಿದರು. ನಾನು ಇಬ್ಬರ ಮನೆಗೂ ಹೋಗುತ್ತಿದ್ದೆ. ಎರಡು ಊರುಗಳ ನಡುವಿನ ರಸ್ತೆಯಂತೆ ಇದ್ದೆ. ಆ ರಸ್ತೆಯಲ್ಲಿ ಯಾರೂ ನಡೆಯಲಿಲ್ಲ. “ಆ ಮಾತು ಎತ್ತಿದ್ರೆ ನಿಮಗೆ ಟೀ ಇಲ್ಲ ಮೇಷ್ಟ್ರೇ,” ಎಂದು ಇದ್ರೀಸ್ ಸಾಬರು ಮೊದಲೇ ಕಟ್ಟು ಹಾಕಿದ್ದರು. ಅವರ ಮನೆಯ ಟೀ ನನಗೆ ಬೇಕಿತ್ತು.

ಈ ವರ್ಷ ಮಾವಿನ ಹೂ ಬಿಡುವ ಹೊತ್ತಿಗೆ ಸುದ್ದಿ ಬಂತು: ಇದ್ರೀಸ್ ಸಾಬರು ಊರು ಬಿಡುತ್ತಾರೆ. ಮಗಳು ದಿಲ್ಶಾದ್ ಶಿಡ್ಲಘಟ್ಟದಲ್ಲಿದ್ದಾಳೆ, ತಂದೆತಾಯಿಯನ್ನು ಕರೆದುಕೊಂಡು ಹೋಗುತ್ತಾಳೆ. ಶೆಡ್ಡಿನ ಜಾಗವನ್ನು ಬಿಡದಿಯ ಕಾರ್ಖಾನೆಗೆ ಹೋಗುವವರ ಬಾಡಿಗೆ ಕೋಣೆಗಳಿಗೆಂದು ಯಾರೋ ಕೊಂಡಿದ್ದಾರೆ.

ಆ ಸಂಜೆ ಚೆಲುವಯ್ಯನವರು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಮಂಡಿಗೆ ಎಣ್ಣೆ ಹಚ್ಚಿಕೊಂಡಿದ್ದರು. ಕೈ ಮಂಡಿಯ ಮೇಲೇ ಇತ್ತು.

“ಮೇಷ್ಟ್ರೇ,” ಎಂದರು. “ಅವತ್ತು ನಾನು ನಿರ್ಣಯದ ಪರವಾಗಿ ಎದ್ದು ನಿಂತಿದ್ದೆ. ನಿಮಗೆ ಹೇಳಿದ್ದೀನಿ.”

“ಹೇಳಿದ್ದೀರಿ. ನಾನು ನಂಬಿದ್ದೇನೆ.”

“ನೀವು ನಂಬಿ ಏನಾಗ್ಬೇಕು? ಅವನು ನಂಬಬೇಕು.” ಕಿಟಕಿಯ ಕಡೆ ನೋಡಿದರು. “ಸಭೆಯ ನಡವಳಿಯನ್ನ ಅಚ್ಚು ಹಾಕಿಸ್ತಾರಲ್ಲ, ಅದರಲ್ಲಿ ಇರ್ತದೆ, ಯಾರು ಯಾವ ಕಡೆ ಅಂತ. ಒಂದ್ಸಲ ಬೆಂಗಳೂರಿಗೆ ಹೋಗಿ ನೋಡ್ಕೊಂಡು ಬನ್ನಿ. ಅವನು ಹೋಗೋದರೊಳಗೆ ಒಂದೇ ಒಂದು ಸಲ ಬಂದು ಇಲ್ಲಿ ಕೂತ್ರೆ ಸಾಕು. ಮಾತೂ ಆಡ್ಬೇಕಾಗಿಲ್ಲ.”

ಅಡುಗೆಮನೆಯಿಂದ ಸರಸಮ್ಮನವರು, “ಮೂವತ್ತು ವರ್ಷ ಸ್ಟೂಲ್ ಒರೆಸಿದ್ದು ನಾನು. ನನ್ನ ಹೆಸರು ಹೇಳಿ ಕರೀರಿ, ಬತ್ತಾರೆ,” ಎಂದರು.

ನಾನು ಬೆಂಗಳೂರಿಗೆ ಹೋದೆ. ವಿಧಾನಸೌಧದ ಗ್ರಂಥಾಲಯದಲ್ಲಿ ಆ ವರ್ಷದ ಸಂಪುಟ ಸಿಕ್ಕಿತು. ಹಳೆಯ ಕಾಗದದ ಆ ಕಂದುಬಣ್ಣ, ಒಣಗಿದ ಎಲೆಯ ಆ ವಾಸನೆ. ಒಂದು ಕ್ಷಣ ನಾನು ಯಾಕೆ ಬಂದಿದ್ದೇನೆಂಬುದನ್ನೇ ಮರೆತು ಪುಟ ತಿರುವಿದೆ. ಚರ್ಚೆ ಪೂರ್ತಿಯಿತ್ತು. ಯಾರು ಯಾರನ್ನು ಹಂಗಿಸಿದರು, ಎಲ್ಲಿ ನಗು, ಎಲ್ಲಿ ಗದ್ದಲ, ಎಲ್ಲವೂ ಇತ್ತು. ಕೊನೆಯಲ್ಲಿ ಸದಸ್ಯರು ತಮ್ಮ ತಮ್ಮ ಸ್ಥಳದಲ್ಲಿ ಎದ್ದು ನಿಂತರೆಂದೂ ಅವರನ್ನು ಎಣಿಸಲಾಯಿತೆಂದೂ ಇತ್ತು. ಪರವಾಗಿ ನಲವತ್ತೊಂದು, ವಿರುದ್ಧವಾಗಿ ಅರವತ್ತೆಂಟು. ಹೆಸರುಗಳಿರಲಿಲ್ಲ. ಆ ನಲವತ್ತೊಂದರೊಳಗೆ ಎಲ್ಲೋ ಒಂದು ನನ್ನ ಗೆಳೆಯರು. ಸಂಖ್ಯೆಗೆ ಮುಖವಿರುವುದಿಲ್ಲ. ಪುಸ್ತಕ ಮುಚ್ಚಿ, ರೈಲು ಹಿಡಿದು ಬಂದೆ. ಕಿಟಕಿಯಲ್ಲಿ ಬಂಡೆಬೆಟ್ಟಗಳು ಒಂದೊಂದಾಗಿ ಕಾಣಿಸಿಕೊಳ್ಳತೊಡಗಿದಾಗ, ಬರಿಗೈಯಲ್ಲಾದರೂ ಸರಿ, ಮೊದಲು ಇದ್ರೀಸ್ ಸಾಬರ ಮನೆಗೇ ಹೋಗಬೇಕು ಎನಿಸಿತು.

ಮನೆಯಲ್ಲಿ ಗಂಟುಮೂಟೆ ಕಟ್ಟುತ್ತಿದ್ದರು. ಅವರ ಹೆಂಡತಿ ಜೈನಬಮ್ಮ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿದ್ದರು. ಇದ್ರೀಸ್ ಸಾಬರು ಆರಿದ ಒಲೆಯ ಕಟ್ಟೆಯ ಮೇಲೆ, ದಪ್ಪ ಕನ್ನಡಕ ಹಾಕಿಕೊಂಡು, ಮಾಡಲು ಕೆಲಸವಿಲ್ಲದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಬನ್ನಿ ಮೇಷ್ಟ್ರೇ. ಪದ್ಯ ತಂದ್ರಾ?”

“ಇಲ್ಲ.”

“ದೇವರು ದೊಡ್ಡವನು. ಕೂತ್ಕೊಳ್ಳಿ.”

ಜೈನಬಮ್ಮ ನಕ್ಕು, “ಟೀ ಪಾತ್ರೆ ಇನ್ನೂ ಕಟ್ಟಿಲ್ಲ,” ಎಂದು ಒಳಗೆ ಹೋದರು.

ನಾನು ನಿಂತೇ ಇದ್ದೆ. “ಇವತ್ತು ಟೀ ಇಲ್ಲದಿದ್ದರೂ ಪರವಾಗಿಲ್ಲ ಸಾಬರೇ. ಆ ಮಾತನ್ನು ಎತ್ತುತ್ತೇನೆ. ಚೆಲುವಯ್ಯನವರು ಅಂದು ನಿಮ್ಮ ಪರವಾಗಿಯೇ ಮತ ಹಾಕಿದ್ದರು. ಮುನಿಯಪ್ಪ ಹೇಳಿದ್ದನ್ನು ನೀವು ನಂಬಿದಿರಿ.”

ಅವರಿಗೆ ಕೋಪ ಬರಲಿಲ್ಲ. ಕನ್ನಡಕ ತೆಗೆದು ಲುಂಗಿಯ ಅಂಚಿನಿಂದ ಒರೆಸಿದರು.

“ಮುನಿಯಪ್ಪನ ಮಾತು ಕೇಳಿ ನಂಬೋಕೆ ನಾನೇನು ಇವತ್ತು ಹುಟ್ಟಿದ ಮಗುವಾ? ನನ್ನ ಕಣ್ಣಾರೆ ನೋಡಿದೆ ಮೇಷ್ಟ್ರೇ. ಅಲ್ಲೇ ಇದ್ದೆ ನಾನು.”

“ಎಲ್ಲಿ?”

“ಮೇಲೆ. ಜನ ಕೂತು ನೋಡ್ತಾರಲ್ಲ, ಅಲ್ಲಿ. ಯಾರನ್ನೋ ಹಿಡಿದು ಪಾಸು ಮಾಡಿಸ್ಕೊಂಡಿದ್ದೆ. ಅವನಿಗೆ ಹೇಳಿರ್ಲಿಲ್ಲ. ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಆಚೆ ಬಂದ ತಕ್ಷಣ ಒಂದು ಹಾರ ಹಾಕಿ, ಕೈ ಹಿಡ್ಕೊಂಡು ಊರಿಗೆ ಕರ್ಕೊಂಡ್ಬರೋಣ ಅಂತ. ಹಾರ ಒಳಕ್ಕೆ ಬುಡಲ್ಲ ಅಂತ ಪೊಲೀಸ್ನೋರು ಇಸ್ಕೊಂಡ್ರು.” ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಅಲ್ಲಿ ಆಡೋ ಮಾತು ಅರ್ಧ ಇಂಗ್ಲೀಷು, ಇನ್ನರ್ಧ ನಿಮ್ಮ ಪುಸ್ತಕದ ಕನ್ನಡ. ಆದ್ರೂ ಈ ನೂಲಿನ ವಿಷಯಾನೇ ಅಂತ ತಿಳೀತಿತ್ತು. ಕೊನೇಗೆ ಸಭೆ ನಡೆಸೋರು ಏನೋ ಕೇಳಿದ್ರು. ಬಹಳ ಜನ ಕೂತೇ ಇದ್ರು. ಇವನು ಎದ್ದ. ನೆಟ್ಟಗೆ ಎದ್ದು ನಿಂತ್ಬುಟ್ಟ ಮೇಷ್ಟ್ರೇ. ಸಾಕಾಯ್ತು. ನಾನೂ ಎದ್ದು ಬಂದೆ. ಹಾರ ವಾಪಸ್ ಕೇಳ್ಲಿಲ್ಲ.”

ನನಗೆ ಮೊದಲು ತಿಳಿಯಲಿಲ್ಲ. ಎದ್ದು ನಿಂತರೆ ಇವರಿಗೇಕೆ ದುಃಖವಾಗಬೇಕು? ಆಮೇಲೆ ಹಳೆಯ ಗೂಡಿನ ಸಂತೆ ನೆನಪಾಯಿತು.

ಈಗಿನ ಹರಾಜು ಕಟ್ಟಡ ಬರುವ ಮುಂಚೆ ಗೂಡಿನ ವ್ಯಾಪಾರ ಬಯಲಿನಲ್ಲೇ ನಡೆಯುತ್ತಿತ್ತು. ರೈತ ತನ್ನ ಗೂಡಿನ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಕೊಳ್ಳುವವನು ಬಂದು ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ, ಬೆಲೆ ಹೇಳುತ್ತಿದ್ದ. ರೈತ ಸುಮ್ಮನೆ ಕೂತೇ ಇದ್ದರೆ ಒಪ್ಪಿದ ಎಂದು ಲೆಕ್ಕ, ರಾಶಿ ಮಾರಿದಂತೆಯೇ. ಒಪ್ಪದಿದ್ದರೆ ಬಾಯಲ್ಲಿ ಬೇಡ ಎನ್ನುತ್ತಿರಲಿಲ್ಲ, ಬೇಡ ಎನಿಸಿಕೊಂಡ ರಾಶಿಯ ಹತ್ತಿರ ಇನ್ನೊಬ್ಬ ವ್ಯಾಪಾರಿ ಬರುವುದಿಲ್ಲವೆಂಬ ಭಯ. ಮಾತಿಲ್ಲದೆ ಎದ್ದು ನಿಲ್ಲುತ್ತಿದ್ದ, ಹೆಗಲ ಮೇಲಿನ ಟವೆಲನ್ನು ರಾಶಿಯ ಮೇಲೆ ಹೊದಿಸುತ್ತಿದ್ದ. ಅಷ್ಟೇ. ಕೂತರೆ ಹೌದು, ಎದ್ದರೆ ಇಲ್ಲ. ಚೆಲುವಯ್ಯನವರ ತಂದೆ ಮಾರುತ್ತಿದ್ದುದೂ ಇದ್ರೀಸ್ ಸಾಬರ ತಂದೆ ಕೊಳ್ಳುತ್ತಿದ್ದುದೂ ಹಾಗೆಯೇ. ಇವರಿಬ್ಬರ ಸ್ನೇಹ ಬೆಳೆದದ್ದು ಆ ರಾಶಿಗಳ ನಡುವೆ. ಮಾತು ಅರ್ಥವಾಗದ ದೊಡ್ಡ ಸಭೆಯಲ್ಲಿ ಇದ್ರೀಸ್ ಸಾಬರು ಕಣ್ಣಿಗೆ ಕಂಡದ್ದನ್ನು ತಮಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಓದಿಕೊಂಡಿದ್ದರು.

“ಸಾಬರೇ,” ಎಂದೆ. “ಅಲ್ಲಿ ಕ್ರಮ ಬೇರೆ. ಮೊದಲು ಒಪ್ಪುವವರು ಎದ್ದು ನಿಲ್ಲಬೇಕು, ಅವರನ್ನು ಎಣಿಸುತ್ತಾರೆ. ಅವರು ಕೂತ ಮೇಲೆ ಒಪ್ಪದವರು ಎದ್ದು ನಿಲ್ಲಬೇಕು. ನೀವು ಮೊದಲನೆಯದನ್ನು ನೋಡಿ ಬಂದುಬಿಟ್ಟಿರಿ.”

“ಎರಡು ಸಲ ಏಳ್ತಾರಾ?”

“ಎರಡು ಸಲ.”

“ಎದ್ದೋರು ಕಮ್ಮಿ ಇದ್ರು. ಆದ್ರೂ ಅದು ಬಿದ್ದೋಯ್ತು ಅಂದಾಗ, ದುಡ್ಡಿನೋರ ಆಟ ಅಂದ್ಕೊಂಡೆ.”

“ನಲವತ್ತೊಂದು ಜನ. ಅದರಲ್ಲಿ ಚೆಲುವಯ್ಯನವರೂ ಒಬ್ಬರು.”

ಟೀ ಹಿಡಿದು ಬಂದ ಜೈನಬಮ್ಮ ಬಾಗಿಲಲ್ಲೇ ನಿಂತರು. ಎಲ್ಲಿಂದಲೋ ಒಂದು ಗಿರಣಿಯ ಸದ್ದು ಬರುತ್ತಿತ್ತು, ಒಂದೇ ಸಮನೆ ಸುತ್ತುವ ರಾಟೆಯ ಸದ್ದು. ಇದ್ರೀಸ್ ಸಾಬರ ಬಲಗೈಯ ಎರಡು ಬೆರಳುಗಳು ತೊಡೆಯ ಮೇಲೆ, ಇಲ್ಲದ ಎಳೆಯೊಂದನ್ನು ಹುಡುಕುವಂತೆ ಆಡಿದವು.

“ಮತ್ತೆ ನನ್ನ ಹಾರ?” ಎಂದರು ಕೊನೆಗೆ, ಯಾರನ್ನೂ ಕೇಳದೆ.

ಮರುದಿನ ಮಧ್ಯಾಹ್ನ, ನೆರಳು ಸ್ಟೂಲಿನ ಮೇಲೆ ಇಳಿಯುವ ಹೊತ್ತಿಗೆ, ಅವರು ಬಂದರು. ನಾನು ಆಗಲೇ ಅಲ್ಲಿದ್ದೆ. ಅವರು ಅಂದು ಸಭೆಯಲ್ಲಿದ್ದುದನ್ನೂ ತಪ್ಪು ತಿಳಿದುಕೊಂಡು ಬಂದುದನ್ನೂ ಚೆಲುವಯ್ಯನವರಿಗೆ ಹೇಳಿದ್ದೆ. ಚೆಲುವಯ್ಯನವರು ಬೆಳಿಗ್ಗೆಯಿಂದ ಬಿಳಿಯ ಅಂಗಿ ಹಾಕಿಕೊಂಡು ಕೂತಿದ್ದರು. ಇದ್ರೀಸ್ ಸಾಬರು ಇಸ್ತ್ರಿ ಮಾಡಿದ ಜುಬ್ಬದಲ್ಲಿದ್ದರು, ಹೊಸ್ತಿಲಿನಲ್ಲಿ ಚಪ್ಪಲಿ ಬಿಟ್ಟು, ಗೋಡೆ ಹಿಡಿದು ಒಳಗೆ ಬಂದರು.

“ಬನ್ನಿ ಇದ್ರೀಸಣ್ಣ,” ಎಂದರು ಸರಸಮ್ಮನವರು. ಆಮೇಲೆ, “ಬಿಸಿಲು ಜಾಸ್ತಿ,” ಎಂದರು.

ಚೆಲುವಯ್ಯನವರು ಕುರ್ಚಿಯ ಕೈ ಹಿಡಿದು ಏಳಲು ಹೋದರು.

“ಇರ್ಲಿ, ಇರ್ಲಿ ಸಾಹೇಬ್ರೇ. ಕೂತ್ಕೊಳ್ಳಿ.” ಇದ್ರೀಸ್ ಸಾಬರು ನಾಲ್ಕು ಕುರ್ಚಿಗಳನ್ನೂ ನೋಡಿದರು, ಆಮೇಲೆ ಕಿಟಕಿಯ ಕೆಳಗೆ ನೋಡಿದರು. “ಇದು ಇನ್ನೂ ಐತಾ?”

“ಎಲ್ಲಿಗೆ ಹೋಗ್ತದೆ,” ಎಂದರು ಚೆಲುವಯ್ಯನವರು.

“ಅವತ್ತು ನಾನು ತಪ್ಪು ತಿಳ್ಕೊಂಡೆ. ಮೇಷ್ಟ್ರು ಬಿಡಿಸಿ ಹೇಳಿದ್ರು. ಮೂವತ್ತು ವರ್ಷ ನಿಮ್ಮನ್ನ ಬೈಕೊಂಡು ತಿರುಗಿದ್ದೀನಿ. ಅದನ್ನೆಲ್ಲ ಇಲ್ಲೇ ಬಿಟ್ಟು ಹೋದ್ರೆ ನಿಮಗೆ ಭಾರ, ವಾಪಸ್ ತಗೊಂಡು ಹೋಗೋಣ ಅಂತ ಬಂದೆ.”

“ಏನೇನು ಬೈದೆಯೋ ಹೇಳು ಕಣ್ಲಾ ಮೊದಲು.”

“ಸರಸಮ್ಮೋರು ಅವ್ರೆ ಇಲ್ಲಿ. ಹೇಳೋ ಹಂಗಿಲ್ಲ.”

ಸರಸಮ್ಮನವರು ಸೆರಗು ಬಾಯಿಗೆ ಹಿಡಿದು ನಕ್ಕರು. ಇದ್ರೀಸ್ ಸಾಬರು ಕೂತರು. ಹಲಗೆಯ ಮೇಲಿದ್ದ ಸರಳುಗಳ ನೆರಳು ಅವರ ಜುಬ್ಬದ ಮೇಲೆ ಹತ್ತಿತು. ಮೂವತ್ತು ವರ್ಷ ಆ ಕೋಣೆಯಲ್ಲಿ ಏನೋ ಒಂದು ಓರೆಯಾಗಿ ನೇತಾಡುತ್ತಿದ್ದುದು ಆ ಕ್ಷಣ ನೆಟ್ಟಗಾಯಿತೆಂದು ನನಗನಿಸಿತು. ಟೀ ಬಂತು. ಮಂಡಿನೋವು, ಕಣ್ಣಿನ ಪೊರೆ, ಶಿಡ್ಲಘಟ್ಟದ ನೀರು, ಮಾತು ಎಲ್ಲೆಲ್ಲೋ ಹೋಯಿತು. ಸಾಹೇಬ್ರು ಎಂಬುದು ಯಾವಾಗ ಉದುರಿಹೋಯಿತೋ ಯಾರಿಗೂ ತಿಳಿಯಲಿಲ್ಲ.

“ನಿಮ್ಮಪ್ಪ ರಾಶಿ ಪಕ್ಕದಿಂದ ಎದ್ದಿದ್ದನ್ನೇ ನಾ ಕಂಡಿಲ್ಲ ಕಣ್ಲಾ ಚೆಲುವ. ಯಾವ ಬೆಲೆ ಹೇಳಿದ್ರೂ ಕೂತೇ ಇರೋರು. ನಮ್ಮಪ್ಪ ಮನೆಗೆ ಬಂದು ನಗೋರು.”

“ಏಳೋಕೆ ಆಗ್ತಿರ್ಲಿಲ್ಲ ಕಣೋ. ನನ್ನ ಹಂಗೇ ಅವರಿಗೂ ಮಂಡಿ.”

“ಅದಕ್ಕೇ, ನೀನು ಎದ್ದಾಗ ನಾನು ಹೆದರ್ಕೊಂಡೆ. ನಿಮ್ಮ ವಂಶದಲ್ಲೇ ಇಲ್ಲದ್ದು.”

ಇಬ್ಬರೂ ನಕ್ಕರು. ಚೆಲುವಯ್ಯನವರ ಕಣ್ಣಲ್ಲಿ ನೀರು ಬಂದಿತ್ತು. ನಗುವಿನದೆಂದು ಹೇಳಿಕೊಳ್ಳಲು ಅನುಕೂಲವಾದ ನೀರು. ನಾನು ಹಳೆಯದೊಂದು ಕವಿತೆಯನ್ನು ಓದಲೇ ಎಂದು ಯೋಚಿಸಿದೆ. ಈ ಸಂಜೆ ಮುಗಿಯಬಾರದು ಎನಿಸಿತು. ಹಾಗೆ ಅನಿಸಿದ ಸಂಜೆಗಳೇ ಬೇಗ ಮುಗಿಯುತ್ತವೆ.

ಇದ್ರೀಸ್ ಸಾಬರು ಖಾಲಿ ಲೋಟವನ್ನು ಕಾಲ ಬಳಿ ಇಟ್ಟರು. “ಒಂದು ಕೇಳ್ಲಾ? ಸುಮ್ನೆ, ತಿಳ್ಕೊಳ್ಳೋಕೆ. ಅವತ್ತು ಸಂಜೆ ಮುನಿಯಪ್ಪ ಪಟಾಕಿ ಹೊಡ್ಸಿ, ನಮ್ಮ ಎಮ್ಮೆಲ್ಲೆ ನಮ್ಮ ಕಡೆ ಅಂತ ಕೂಗಿದ. ನೀನು ಮರುದಿನ ಊರಿಗೆ ಬಂದೆ. ಇಲ್ಲ ಕಣ್ರಪ್ಪ, ನಾನು ಚಿಕ್ಕೋರ ಕಡೆ ಎದ್ದೆ ಅಂತ ಯಾಕೆ ಹೇಳ್ಲಿಲ್ಲ? ನಾನು ತಪ್ಪು ತಿಳ್ಕೊಂಡಿದ್ದೆ, ಸರಿ. ಊರು ಯಾಕೆ ತಪ್ಪು ತಿಳ್ಕೋಬೇಕಿತ್ತು?”

ಕೋಣೆಯಲ್ಲಿ ಬೆಳಕು ಬದಲಾಗಿರಲಿಲ್ಲ. ಆದರೂ ಸರಸಮ್ಮನವರು ದೀಪದ ಸ್ವಿಚ್ಚಿನ ಕಡೆ ನೋಡಿದರು.

ಚೆಲುವಯ್ಯನವರು ಸುತ್ತಿಬಳಸಲಿಲ್ಲ. ಆ ಗೌರವವನ್ನು ಅವರಿಗೆ ಕೊಡಲೇಬೇಕು.

“ಅವನು ಮನೆಗೆ ಬಂದಿದ್ದ,” ಎಂದರು. “ನಮ್ಮ ಜೊತೆ ಇದ್ರಲ್ಲ, ನೆನಪಿಟ್ಟಿರ್ತೀನಿ ಅಂದ. ಅವನಿಗೆ ನಿಜ ಗೊತ್ತಿರ್ಲಿಲ್ಲ. ಹೆಸರು ಎಲ್ಲೂ ಅಚ್ಚಾಗಿರ್ಲಿಲ್ಲ. ಚುನಾವಣೆ ಹತ್ರ ಇತ್ತು. ಜೀಪು, ಜನ, ಎಲ್ಲ ಅವನದ್ದೇ. ಕಾಫಿ ಕುಡಿದು ಹೋಗೋ ತನಕ ನಾನು ಏನೂ ಅನ್ಲಿಲ್ಲ.”

“ಸುಮ್ನೆ ಕುಂತಿದ್ದೆ.”

“ಕುಂತಿದ್ದೆ.”

ಇದ್ರೀಸ್ ಸಾಬರು ತಲೆಯಾಡಿಸಿದರು. ಬೆಲೆ ಗೊತ್ತಾದವನು ತಲೆಯಾಡಿಸುವ ರೀತಿ. “ಎಲ್ಲಿ, ಇದರ ಮೇಲಾ?” ಎಂದು ತಾವು ಕೂತ ಸ್ಟೂಲನ್ನು ಬೆರಳಿನಿಂದ ತಟ್ಟಿದರು.

“ಇಲ್ಲ. ಈ ಕುರ್ಚಿ ಮೇಲೆ.”

“ಸದ್ಯ,” ಎಂದರು.

ಆಮೇಲೆ ಎದ್ದರು. ಗೋಡೆಗೆ ಕೈ ಕೊಟ್ಟು, ನಿಧಾನವಾಗಿ, ನೆಟ್ಟಗೆ ಎದ್ದು ನಿಂತರು. ಸರಸಮ್ಮನವರು, “ಊಟ ಮಾಡ್ಕೊಂಡು ಹೋಗಿ ಇದ್ರೀಸಣ್ಣ, ಇನ್ನೇನು ಆಗೋಯ್ತು,” ಎಂದರು.

“ದಿಲ್ಶಾದ್ ಗಾಡಿ ತಂದು ನಿಲ್ಸಿದ್ದಾಳಮ್ಮ. ಕತ್ತಲಾಗೋದ್ರೊಳಗೆ ಹೊರಡ್ಬೇಕು.”

“ಕೋಪ ಬಂತಾ?” ಎಂದು ಚೆಲುವಯ್ಯನವರು ಕೇಳಿದರು. ಎಪ್ಪತ್ತು ದಾಟಿದ ಮನುಷ್ಯ ಹಾಗೆ ಕೇಳುವುದನ್ನು ನಾನು ಕೇಳಿರಲಿಲ್ಲ.

“ಇಲ್ಲ ಕಣ್ಲಾ ಚೆಲುವ.” ದನಿಯಲ್ಲಿ ಹಳೆಯ ಸಲುಗೆ ಪೂರ್ತಿಯಾಗಿ ಇತ್ತು, ಅದೇ ತಡೆಯಲಾಗದಂತಿತ್ತು. “ಕೋಪ ಇತ್ತು. ಇಷ್ಟು ದಿನ ಅದನ್ನೇ ಊರುಗೋಲು ಮಾಡ್ಕೊಂಡು ನಡೆದೆ. ನಿನ್ನೆ ಮೇಷ್ಟ್ರು ಬಂದು ಅದನ್ನ ಕಿತ್ಕೊಂಡ್ರು. ರಾತ್ರಿಯೆಲ್ಲ ಸಂತೋಷವಾಗಿದ್ದೆ. ಹಾರ ಹಾಕ್ಬೇಕಾಗಿದ್ದು ನಿನಗೇನೇ ಅಂತ.” ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡರು. “ಅಲ್ಲಿ ಯಾರಿಗೂ ಕಾಣದ ಕಡೆ ಎದ್ದೆ. ಇಲ್ಲಿ, ನಾವೆಲ್ಲ ನೋಡ್ತಿರೋ ಕಡೆ, ಕುಂತ್ಬುಟ್ಟೆ. ನಿಮ್ಮಪ್ಪನ ಹಂಗೇ. ಇರ್ಲಿ ಬುಡು.”

ಚೆಲುವಯ್ಯನವರು ಕುರ್ಚಿಯ ಎರಡೂ ಕೈಗಳನ್ನು ಹಿಡಿದು ಮೇಲೇಳತೊಡಗಿದರು.

“ಕುಂತ್ಕೊ,” ಎಂದರು ಇದ್ರೀಸ್ ಸಾಬರು. “ಮಂಡಿ ನೋಯ್ತದೆ.”

ಅವರು ಕೂರಲಿಲ್ಲ. ನಾನು ಕೈ ಕೊಡಲು ಹೋದರೆ ನನ್ನನ್ನು ತಡೆದರು. ಹಲ್ಲು ಕಚ್ಚಿ, ಪೂರ್ತಿ ಎದ್ದು ನಿಂತರು. ಇದ್ರೀಸ್ ಸಾಬರು ಹೊಸ್ತಿಲ ಬಳಿ ಒಮ್ಮೆ ತಿರುಗಿ ಆ ನಿಂತ ಆಕೃತಿಯ ಕಡೆ ನೋಡಿದರು. ಅವರ ಮಂಜು ಕಣ್ಣಿಗೆ ಅದು ಎಷ್ಟು ಕಂಡಿತೋ ನಾನು ಹೇಳಲಾರೆ.

ಚಪ್ಪಲಿ ಮೆಟ್ಟಿದ ಸದ್ದಾಯಿತು. ಬೆಟ್ಟದ ಕಡೆಯ ಗಾಳಿ ಬಾಗಿಲನ್ನು ನೂಕಿತು. ಬಡಿಯುತ್ತದೆಂದು ನಾವು ಮೂವರೂ ಉಸಿರು ಹಿಡಿದೆವು. ಆದರೆ ಹೊರಗೆ ಸರಪಳಿ ಒಂದು ಬೆರಳಿಗೆ ಸುತ್ತಿಕೊಂಡ ಸಣ್ಣ ಸದ್ದು ಕೇಳಿಸಿತು. ಬಾಗಿಲು ಗಾಳಿಗೆ ಎದುರಾಗಿ ತಡೆದು ತಡೆದು, ಬೆಳಕಿನ ಪಟ್ಟಿಯನ್ನು ಎಳೆ ಎಳೆಯಾಗಿ ಕಿರಿದು ಮಾಡುತ್ತ ಬಂದು, ಸದ್ದಿಲ್ಲದೆ ಮುಚ್ಚಿಕೊಂಡಿತು.